ನಂಬಿದ ಕಣ್ಣು

ಮೇಸ್ತ್ರಿಯ ಎರಡು ಕಣ್ಣುಗಳಲ್ಲಿ ಒಂದು ದುಡಿಯುತ್ತಿತ್ತು, ಇನ್ನೊಂದು ಕೂತು ತಿನ್ನುತ್ತಿತ್ತು. ದುಡಿಯುವುದು ಬಲಗಣ್ಣು. ಎಡಗಣ್ಣು ಚಿಕ್ಕಂದಿನಲ್ಲೇ ಮೂಗಿನ ಕಡೆಗೆ ಸರಿದುಕೊಂಡು, ಸಂಸಾರದ ತಾಪತ್ರಯವನ್ನೆಲ್ಲ ಅಣ್ಣನ ತಲೆಗೆ ಕಟ್ಟಿದ ಉಡಾಳನ ಹಾಗೆ ಹಾಯಾಗಿತ್ತು. ಅಂಗಡಿಯಲ್ಲಿ ನಿಂತು ಸಕ್ಕರೆ ಕೇಳಿದರೆ ಅಂಗಡಿಯವನು ಪಕ್ಕದಲ್ಲಿದ್ದವನಿಗೆ ಪೊಟ್ಟಣ ಕಟ್ಟುತ್ತಿದ್ದ. ಬಸ್ಸಿನಲ್ಲಿ ಕಿಟಕಿಯ ಆಚೆ ನೋಡಿದರೆ ಎದುರು ಕೂತ ಹೆಂಗಸು "ಮನೇಲಿ ಅಕ್ಕ ತಂಗಿ ಇಲ್ವಾ?" ಎಂದು ಕೇಳುತ್ತಿದ್ದಳು. ಅವನು ಮಾಡದ ತಪ್ಪಿಗೆ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮೆಳ್ಳಗಣ್ಣನಿಗೆ ಮರ್ಯಾದೆ ಎನ್ನುವುದು ಊರ ಜನರ ದಯೆಯ ಮೇಲೆ ನಿಂತಿರುತ್ತದೆ, ಊರ ಜನಕ್ಕೆ ದಯೆ ಎಲ್ಲಿಂದ ಬರಬೇಕು?

ಅವನ ಹೆಂಡತಿ ಟೈಲರ್. ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಬೀದಿಯ ಮಕ್ಕಳ ಯೂನಿಫಾರ್ಮಿನಿಂದ ಹಿಡಿದು ದೊಡ್ಡವರ ಕೋಟಿನವರೆಗೆ ಹೊಲಿಯುತ್ತಿದ್ದಳು. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಮೇಸ್ತ್ರಿ ಕೆಲಸ ಮಾಡುತ್ತಿದ್ದದ್ದು ಮರ ಕೊಯ್ಯುವ ಮಿಲ್ಲಿನಲ್ಲಿ, ದೊಡ್ಡ ಗರಗಸದ ಮುಂದೆ. ಅದೇ ಗರಗಸದ ಆಚೆ ಬದಿಗೆ ನಿಲ್ಲುತ್ತಿದ್ದವನು ಅಕ್ಕನ ಒಡಹುಟ್ಟಿದ ತಮ್ಮ. ಅಂದರೆ ಅವಳ ಗಂಡ ಮತ್ತು ಅವಳ ತಮ್ಮ, ಅವಳ ಪಾಲಿನ ಎರಡು ಜೀವ, ದಿನವಿಡೀ ಒಂದು ತಿರುಗುವ ಉಕ್ಕಿನ ಚಕ್ರದ ಆಚೆಗೊಬ್ಬ ಈಚೆಗೊಬ್ಬ.

ಆ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಉದ್ದನೆಯ ಮೇಜು, ನಡುವೆ ಸೀಳು, ಸೀಳಿನಿಂದ ಮೇಲೆದ್ದ ದುಂಡು ಗರಗಸ. ಮೇಸ್ತ್ರಿ ಈಚೆಯಿಂದ ಮರ ತಳ್ಳುತ್ತಾನೆ, ತಮ್ಮ ಆಚೆಯಿಂದ ಹಲಗೆ ಎಳೆದುಕೊಳ್ಳುತ್ತಾನೆ. ಕೊಯ್ಯುವಾಗ ಸಿಬಿರು ಎದ್ದು ಗರಗಸದ ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಹಾಗೇ ಬಿಟ್ಟರೆ ಮರ ಕಚ್ಚಿಕೊಂಡು ಹಿಂದಕ್ಕೆ ಒದೆಯುತ್ತದೆ. ತೆಗೆಯಬೇಕಾದವನು ತಮ್ಮ. ತೆಗೆಯುವುದಕ್ಕೆ ಒಂದು ಕೋಲು ಇತ್ತು, ಆದರೆ ಅದು ಸಾಹುಕಾರರು ಮಿಲ್ಲಿಗೆ ಬಂದಾಗ ಮಾತ್ರ ಕೈಗೆ ಬರುತ್ತಿತ್ತು. ಉಳಿದ ಹೊತ್ತು ಬೆರಳೇ ಕೋಲು. ಬೆರಳು ಒಳಗೆ ಹೋಗಬೇಕಾದರೆ ಮೇಸ್ತ್ರಿ ತಳ್ಳುವುದನ್ನು ನಿಲ್ಲಿಸಿರಬೇಕು. ನಿಲ್ಲಿಸಿದ್ದೇನೆ ಎಂದು ಬಾಯಲ್ಲಿ ಹೇಳುವುದಕ್ಕಾಗದು, ಗರಗಸದ ಅರಚಾಟದಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಉಸಿರಿನ ಬಿಸಿ ತಾಗೀತೇ ಹೊರತು ಮಾತು ತಲುಪದು. ಕೈ ಎತ್ತುವ ಹಾಗಿಲ್ಲ, ಎರಡೂ ಕೈ ಮರದ ಮೇಲೆ. ಉಳಿದದ್ದು ಕಣ್ಣು. ಮೇಸ್ತ್ರಿ ಮರದ ಮೇಲಿನ ಗೆರೆಯಿಂದ ಕಣ್ಣೆತ್ತಿ ತಮ್ಮನ ಮುಖದ ಮೇಲೆ ಇಟ್ಟ ಅಂದರೆ ಮರ ನಿಂತಿತು, ಕೈ ಹಾಕು ಅಂತ. ಕಣ್ಣು ತೆಗೆದ ಅಂದರೆ ಕೈ ತೆಗಿ ಅಂತ.

ಕಣ್ಣು ಅಂದರೆ ಯಾವ ಕಣ್ಣು? ಇದನ್ನು ತಮ್ಮನಿಗೆ ಕಲಿಸಿಕೊಟ್ಟವಳು ಅಕ್ಕನೇ. ಅವನು ಮೊದಲ ದಿನ ಕೆಲಸಕ್ಕೆ ಹೊರಟಾಗ ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು ಹೇಳಿದ್ದಳು. "ಎಡಗಣ್ಣಿನ ಸಹವಾಸಕ್ಕೇ ಹೋಗ್ಬೇಡ, ಅದು ಸುಳ್ಳುಬುರುಕ. ಬಲಗಣ್ಣು ನೋಡು. ಬಲಗಣ್ಣು ನಿನ್ನ ಮೇಲಿದ್ರೆ ಭಾವ ನಿನ್ನ ಮೇಲಿದಾರೆ." ತಮ್ಮ ಆ ಮಾತನ್ನು ಎಂದೂ ಮೀರಲಿಲ್ಲ. ಮಿಲ್ಲಿನಲ್ಲಿ ಬೇರೆ ಗರಗಸಗಳು ಒಬ್ಬರಲ್ಲ ಒಬ್ಬರ ಬೆರಳು ತಿಂದಿದ್ದವು. ಇವರ ಗರಗಸ ಮಾತ್ರ ಇಷ್ಟು ವರ್ಷ ಉಪವಾಸವಿತ್ತು.

ಎಡಗಣ್ಣಿಗೆ ಮರದ ಪುಡಿ ಬಿದ್ದದ್ದೇ ನೆಪ. ಮೇಸ್ತ್ರಿ ಅಕ್ಕನ ಜೊತೆ ಆಸ್ಪತ್ರೆಗೆ ಹೋದ. ಅಲ್ಲಿದ್ದ ಡಾಕ್ಟರಮ್ಮ ಪುಡಿ ತೆಗೆದು, ಸಣ್ಣ ರಟ್ಟೊಂದನ್ನು ಆ ಕಣ್ಣಿಗೆ ಈ ಕಣ್ಣಿಗೆ ಮರೆ ಹಿಡಿದು ನೋಡಿ, "ಈ ಎಡಗಣ್ಣಿನ ದೃಷ್ಟಿ ಚೆನ್ನಾಗೇ ಇದೆಯಲ್ಲ ಮೇಸ್ತ್ರಿ! ಮಿದುಳು ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ ಅಷ್ಟೇ. ಆಪರೇಷನ್ ಮಾಡಿದ್ರೆ ನೇರ ಮಾಡ್ಬಹುದು" ಎಂದರು. ಮೇಸ್ತ್ರಿ ನಕ್ಕು ಎದ್ದು ಬರುತ್ತಿದ್ದ. ಈ ವಯಸ್ಸಿನಲ್ಲಿ ಕಣ್ಣು ನೇರವಾದರೇನು, ಅಡ್ಡವಾದರೇನು? ಹಿಡಿದು ಕೂರಿಸಿದವಳು ಅಕ್ಕ. ಅವಳಿಗೆ ಆಸೆಯಿತ್ತು. ಯಾರ ಹತ್ತಿರವೂ ಹೇಳಿಕೊಳ್ಳದ ಆಸೆ. ಮದುವೆಯಾದಂದಿನಿಂದ ಗಂಡ ಅವಳನ್ನು ಒಂದೇ ಕಣ್ಣಿನಿಂದ ನೋಡಿದ್ದ. ಆ ಒಂದು ಕಣ್ಣಿನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಆದರೂ ಪಕ್ಕದ ಮನೆಯ ಗಂಡ ಹೆಂಡತಿ ಮುಖಕ್ಕೆ ಮುಖ ಕೊಟ್ಟು ಜಗಳ ಆಡುವುದನ್ನು ಕಂಡರೂ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಆಪರೇಷನ್ ಆಯಿತು. ಕಟ್ಟು ಬಿಚ್ಚಿದಾಗ ಎಡಗಣ್ಣು ಕೆಂಪಗೆ, ಊದಿಕೊಂಡು, ಆದರೆ ನೇರವಾಗಿ ಕೂತಿತ್ತು. ಅಕ್ಕ ಎದುರಿಗೆ ನಿಂತಳು. ಮೇಸ್ತ್ರಿ ಎರಡೂ ಕಣ್ಣಿನಿಂದ ಅವಳನ್ನು ನೋಡಿದ. ಅವಳಿಗೆ ನಾಚಿಕೆಯಾಯಿತು! ಮಕ್ಕಳಿಗೆ ಮದುವೆ ಮಾಡಿ ಕಳಿಸಿದ ಹೆಂಗಸು ವಾರ್ಡಿನ ನಡುವೆ ಹೊಸ ಹೆಂಡತಿಯ ಹಾಗೆ ತಲೆ ತಗ್ಗಿಸಿದಳು.

ಡಾಕ್ಟರಮ್ಮ ಮಾತ್ರ ನಗಲಿಲ್ಲ. "ನೀವು ಟೈಲರ್ ಅಲ್ವಾ? ಹೊಸ ಬಟ್ಟೆ ಹೊಲಿದಾಗ ಮೈಗೆ ಸರಿಯಾಗಿರುತ್ತೆ, ಒಗೆದ ಮೇಲೆ ಎಳೆದುಕೊಳ್ಳುತ್ತೆ. ಇದೂ ಹಾಗೇ. ಕಣ್ಣು ಆಡಿಸೋ ಸ್ನಾಯುವನ್ನ ಬಿಚ್ಚಿ ಬೇರೆ ಜಾಗದಲ್ಲಿ ಹೊಲಿದಿದೀವಿ. ಇವತ್ತು ನೇರ ಇದೆ ಅಂತ ನಾಳೆ ಇರುತ್ತೆ ಅನ್ನೋ ಹಾಗಿಲ್ಲ. ತಿಂಗಳು ಕಳೆದ ಹಾಗೆ ಒಳಕ್ಕೆ ಬರಬಹುದು, ಹೊರಕ್ಕೂ ಹೋಗಬಹುದು. ಕರೆದಾಗೆಲ್ಲ ಬಂದು ತೋರಿಸ್ಬೇಕು. ಎರಡೆರಡು ಕಂಡ್ರೆ ಕರೀದೇನೇ ಬರ್ಬೇಕು. ಇನ್ನೊಂದು ಮಾತು. ಬಲಗಣ್ಣಲ್ಲಿ ಪೊರೆ ಶುರುವಾಗಿದೆ. ಅದನ್ನೂ ನೋಡ್ತಾ ಇರ್ಬೇಕು."

"ಆಗ್ಲಿ ಡಾಕ್ಟರಮ್ಮ" ಎಂದು ಇಬ್ಬರೂ ತಲೆ ಆಡಿಸಿದರು. ಕೇಳಿಸಿಕೊಂಡದ್ದು ಯಾರು? ಕಣ್ಣು ನೇರವಾದ ಸಂಭ್ರಮದಲ್ಲಿ ಕಿವಿ ಕೆಲಸ ಮಾಡುತ್ತದೆಯೇ? ಮೊದಮೊದಲು ಕರೆದಾಗ ಹೋದರು. ಆಮೇಲೆ ಮಿಲ್ಲಿನಲ್ಲಿ ಕೆಲಸ ಜಾಸ್ತಿಯಾಯಿತು, ಅಕ್ಕನಿಗೆ ಶಾಲೆಯ ಯೂನಿಫಾರ್ಮಿನ ರಾಶಿ ಬಂತು. ನೋಡಿದರೆ ಕಣ್ಣು ನೇರವಾಗೇ ಇದೆ, ನೇರ ಇರುವುದನ್ನು ತೋರಿಸಲು ಅಷ್ಟು ದೂರ ಯಾಕೆ ಹೋಗಬೇಕು? ಹಲ್ಲು ನೋವು ನಿಂತ ಮೇಲೆ ಹಲ್ಲಿನ ಡಾಕ್ಟರನ್ನು ನೆನೆದವರು ಯಾರಿದ್ದಾರೆ ಹೇಳಿ.

ಅಂಗಡಿಯವನು ಈಗ ಸರಿಯಾದ ಗಿರಾಕಿಗೇ ಸಕ್ಕರೆ ಕಟ್ಟಿದ. ಮೇಸ್ತ್ರಿ ಫೋಟೋ ತೆಗೆಸಿಕೊಂಡ, ಅದೂ ಎದುರಿನಿಂದ. ತಮ್ಮನಂತೂ ಭಾವನನ್ನು ಗೋಳು ಹೊಯ್ದುಕೊಂಡ. "ಇಷ್ಟು ದಿನ ಊರಿನ ಹೆಂಗಸರೆಲ್ಲ ಮೇಸ್ತ್ರಿ ನನ್ನ ನೋಡ್ತಾರೆ, ನನ್ನ ನೋಡ್ತಾರೆ ಅಂತ ಜಂಬದಲ್ಲಿದ್ರು ಭಾವ. ಈಗ ಎಲ್ಲರ ಹೊಟ್ಟೆ ಮೇಲೂ ಹೊಡೆದ್ರಿ."

ಕೆಟ್ಟದ್ದು ಬಾಗಿಲು ತಟ್ಟಿ ಬರುವುದಿಲ್ಲ. ಮೇಸ್ತ್ರಿ ನೀರು ಬಗ್ಗಿಸಿದರೆ ಲೋಟದ ಆಚೆ ಬೀಳತೊಡಗಿತು. ಮೆಟ್ಟಿಲಿನ ಅಂಚನ್ನು ಕಾಲಿನಿಂದ ತಡವಿ ನೋಡಿ ಹೆಜ್ಜೆ ಇಡತೊಡಗಿದ. ಬಿಸಿಲಿಗೆ ಬಂದರೆ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎದುರು ಮನೆಯ ಮುದುಕಿ "ನಿನ್ನ ಗಂಡ ನಂಗೆ ಕಣ್ಣು ಹೊಡೀತಾನೆ ಕಣೇ, ಈ ವಯಸ್ಸಲ್ಲಿ ನಂಗಿದು ಬೇಕಿತ್ತಾ?" ಎಂದು ಬೊಚ್ಚು ಬಾಯಲ್ಲಿ ನಕ್ಕಳು. ಅಕ್ಕನೂ ನಕ್ಕಳು. ನಕ್ಕು ಒಳಗೆ ಬಂದ ಮೇಲೆ ಯಾಕೋ ಎದೆಯಲ್ಲಿ ಮುಳ್ಳಾಡಿದ ಹಾಗಾಯಿತು.

ಅದಕ್ಕಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಬೇರೆ. ಅವಳು ಮಾತಾಡುವಾಗ ಅವನ ಬಲಗಣ್ಣು ಗೋಡೆಯ ಕಡೆಗೆ ಹೋಗುತ್ತಿತ್ತು. ಎಡಗಣ್ಣು ಅವಳ ಮೇಲೇ ಇತ್ತು, ಆದರೆ ಎಡಗಣ್ಣನ್ನು ಅವಳು ಯಾವತ್ತು ಲೆಕ್ಕಕ್ಕೆ ತೆಗೆದುಕೊಂಡಿದ್ದಳು? ಅವಳು ಸಂಸಾರ ಮಾಡಿದ್ದೇ ಬಲಗಣ್ಣಿನ ಜೊತೆ. ಅದು ತಪ್ಪಿಸಿಕೊಂಡಿತೆಂದರೆ ಗಂಡ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅವಳ ಮನಸ್ಸಿಗೆ ಹೊಳೆಯುವುದು.

"ನನ್ನ ಮುಖ ನೋಡಿ ಮಾತಾಡ್ರೀ."

"ನಿನ್ನ ಮುಖಾನೇ ನೋಡ್ತಿದೀನಲ್ಲೇ."

"ಗೋಡೇಲಿ ಯಾರಿದಾರೆ? ನನಗಿಂತ ಚೆಂದ ಇದಾರಾ?"

"ನಿಂಗೆ ತಲೆ ಕೆಟ್ಟಿದೆ" ಎಂದು ಅವನು ಎದ್ದು ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೋಗುವಾಗ ಕಣ್ಣು ಉಜ್ಜಿಕೊಂಡ. ಅದು ಅವಳಿಗೆ ಕಾಣದೆ ಇರಲಿಲ್ಲ.

ತಮ್ಮ ಊಟಕ್ಕೆ ಬಂದಾಗ ಅವಳು ಸುತ್ತಿ ಬಳಸಿ ಕೇಳಿದಳು. "ನಿನ್ನ ಭಾವ ಮಿಲ್ಲಲ್ಲಿ ಸರಿಯಾಗಿದಾರೇನೋ?"

"ಸರಿಯಾಗಿ ಅಂದ್ರೆ? ಮೊದಲಿಗಿಂತ ವಾಸಿ. ಆಗ ನನ್ನ ಮೇಲೆ ಒಂದು ಸಲ ಕಣ್ಣು ಹಾಕೋಕೆ ಜಿಪುಣತನ ಮಾಡೋರು. ಈಗ ಧಾರಾಳ. ಗಳಿಗೆಗೊಂದು ಸಲ ನೋಡ್ತಾರೆ." ತಮ್ಮ ಬಾಯಿ ತುಂಬ ಅನ್ನ ಇಟ್ಟುಕೊಂಡು ನಕ್ಕ. "ನಿನ್ನ ನೋಡೋದು ಕಮ್ಮಿಯಾಗಿದ್ರೆ ಅದೆಲ್ಲ ನನ್ನ ಪಾಲಿಗೆ ಬಂದಿದೆ ಅಂತ ತಿಳ್ಕೋ ಅಕ್ಕ."

"ಅದೇನೋ ಉಗುರು ಕಪ್ಪಾಗಿದೆ?"

"ಇದಾ? ಹಲಗೆ ತಗುಲಿತು. ನಾನು ಕೈ ಹಾಕಿದ್ದೆ, ಮರ ಒಂಚೂರು ಮುಂದಕ್ಕೆ ಬಂತು. ಭಾವ ನೋಡ್ತಾನೇ ಇದ್ರು, ಅವರದ್ದೇನೂ ತಪ್ಪಿಲ್ಲ. ಹಸಿ ಮರ, ಜಾರುತ್ತೆ."

ಹಸಿ ಮರ ಜಾರುವುದು ಇಲ್ಲದ ಸಂಗತಿಯೇನಲ್ಲ. ಅಕ್ಕ ತಮ್ಮನ ತಟ್ಟೆಗೆ ಇನ್ನಷ್ಟು ಬಡಿಸಿದಳು, ಅಷ್ಟೇ.

ಸೂಜಿಗೆ ದಾರ ಪೋಣಿಸುವುದು ಆ ಮನೆಯಲ್ಲಿ ಗಂಡನ ಕೆಲಸ. ಅಕ್ಕನಿಗೆ ಹತ್ತಿರದ್ದು ಮಂಜಾಗಿ ವರ್ಷಗಳಾಗಿದ್ದವು, ಕನ್ನಡಕ ಹಾಕಿಕೊಂಡರೂ ದಾರ ಸೂಜಿಯ ಕಣ್ಣನ್ನು ಬಿಟ್ಟು ಊರೆಲ್ಲ ಸುತ್ತುತ್ತಿತ್ತು. ಬೆಳಿಗ್ಗೆ ಮಿಲ್ಲಿಗೆ ಹೊರಡುವ ಮುಂಚೆ ಮೇಸ್ತ್ರಿ ಕಿಟಕಿಯ ಬೆಳಕಿಗೆ ನಿಂತು ಅವಳ ಸೂಜಿಗಳಿಗೆಲ್ಲ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದ. ದಾರ ಹಾಕುವಾಗ ಎಡಗಣ್ಣು ಮುಚ್ಚುತ್ತಿದ್ದ. ಮುಚ್ಚುವ ಅಗತ್ಯವೇನೂ ಇರಲಿಲ್ಲ, ಸೋಮಾರಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ ಹಾಗೆ ಅದೊಂದು ಅಭ್ಯಾಸ.

ಆ ಬೆಳಿಗ್ಗೆ ಅವನು ಬಲಗಣ್ಣು ಮುಚ್ಚಿದ.

ಅಕ್ಕ ಕತ್ತರಿ ಹಿಡಿದವಳು ಹಾಗೇ ನಿಂತಳು. ಎಡಗಣ್ಣೊಂದನ್ನೇ ತೆರೆದು ಅವನು ಒಂದೇ ಸಲಕ್ಕೆ ದಾರ ಪೋಣಿಸಿದ. ಮತ್ತೊಂದು ಸೂಜಿ ತೆಗೆದುಕೊಂಡ, ಮತ್ತೆ ಬಲಗಣ್ಣೇ ಮುಚ್ಚಿತು.

"ಇಲ್ಲಿ ಬನ್ನಿ" ಎಂದಳು. ಬಂದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾಡಿದ್ದನ್ನು ನೋಡಿ ಕಲಿತಿದ್ದಳಲ್ಲ, ಅಂಗೈಯನ್ನು ಅವನ ಎಡಗಣ್ಣಿಗೆ ಮರೆ ಹಿಡಿದಳು. ಗೋಡೆಯ ಕಡೆಗಿದ್ದ ಬಲಗಣ್ಣು ತಡವರಿಸಿಕೊಂಡು ಬಂದು ಅವಳ ಮೇಲೆ ನಿಂತಿತು. ಕೈ ತೆಗೆದಳು. ಬಲಗಣ್ಣು ಮೆಲ್ಲನೆ ಮತ್ತೆ ಹೊರಕ್ಕೆ ಜಾರಿತು. ಅವಳನ್ನು ನೋಡುವ ಕೆಲಸವನ್ನು ಎಡಗಣ್ಣು ವಹಿಸಿಕೊಂಡಿತು. ತನ್ನ ಗಂಡನ ಮುಖದೊಳಗೆ ಮನೆಯ ಯಜಮಾನಿಕೆ ಬದಲಾಗಿತ್ತು, ತನಗೆ ಸುದ್ದಿಯೇ ಇರಲಿಲ್ಲ.

"ಯಾವಾಗಿಂದ?"

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತ. "ಬಲಗಣ್ಣಿಗೆ ಎಲ್ಲ ಹೊಗೆ ಹೊಗೆ ಕಣೇ. ಎಡಗಣ್ಣಲ್ಲಿ ಚೊಕ್ಕ ಕಾಣುತ್ತೆ. ಎರಡೂ ಒಟ್ಟಿಗೆ ಬಿಟ್ರೆ ಒಂದೊಂದು ಸಲ ಎರಡೆರಡು ಕಾಣುತ್ತೆ. ನೀನೇ ಇಬ್ಬರಾಗ್ತೀಯ."

"ಒಬ್ಬಳನ್ನ ಸಾಕೋದೇ ಕಷ್ಟ" ಎನ್ನುವ ಮಾತು ಅವಳ ಬಾಯಿಗೆ ಬಂತು, ಹೊರಗೆ ಬರಲಿಲ್ಲ. "ಡಾಕ್ಟರಮ್ಮ ಏನಂದಿದ್ರು? ಕರೀದೇನೇ ಬನ್ನಿ ಅಂದಿರ್ಲಿಲ್ವಾ?"

"ಹೋದ್ರೆ ಗರಗಸ ಮುಟ್ಬೇಡ ಅಂತಾರೆ. ಸಾಹುಕಾರರಿಗೆ ಗೊತ್ತಾದ್ರೆ ನನ್ನ ಹೊಟ್ಟು ಗುಡಿಸೋಕೆ ಹಾಕ್ತಾರೆ. ಇಷ್ಟು ವರ್ಷ ಮೇಸ್ತ್ರಿ ಅನ್ನಿಸ್ಕೊಂಡು ಈಗ ಪೊರಕೆ ಹಿಡೀಲಾ?" ಅವನು ಅವಳ ಕೈ ಹಿಡಿದುಕೊಂಡ. "ಕೆಲಸಕ್ಕೇನೂ ತೊಂದರೆ ಇಲ್ಲ ಕಣೇ, ಆಣೆ. ಎಡಗಣ್ಣು ಗೆರೆ ಮೇಲಿಟ್ರೆ ಕೂದಲೆಳೆ ಆಚೀಚೆ ಆಗಲ್ಲ. ಮೊದಲಿಗಿಂತ ಸರಿಯಾಗಿ ಕೊಯ್ತಿದೀನಿ. ಈ ಲೋಡು ಮರ ಮುಗೀಲಿ, ಆಸ್ಪತ್ರೆಗೆ ನಾನೇ ಬರ್ತೀನಿ."

ಅವಳಿಗೆ ಕನಿಕರ ಉಕ್ಕಿತು. ಆಪರೇಷನ್ ಬೇಕು ಎಂದವಳು ತಾನು, ಅದರ ಫಲ ಉಣ್ಣುತ್ತಿರುವವನು ಅವನು. "ಇವತ್ತೊಂದು ದಿನ. ನಾಳೆ ಆಸ್ಪತ್ರೆ" ಎಂದಳು. ಅವನು ಸಣ್ಣ ಮಗುವಿನ ಹಾಗೆ ತಲೆಯಾಡಿಸಿ ಬುತ್ತಿ ಎತ್ತಿಕೊಂಡು ಹೋದ. ಬಾಗಿಲು ದಾಟುವಾಗ ಚೌಕಟ್ಟಿಗೆ ಭುಜ ತಗುಲಿತು.

ಅಕ್ಕ ಮಿಷನ್ನಿಗೆ ಕೂತಳು. ಶಾಲೆಯ ಅಂಗಿಯ ಕಾಲರು. ಕಾಲಿನಿಂದ ತುಳಿದಂತೆ ಸೂಜಿ ಟಕಟಕ ಎಂದು ಓಡಿತು, ಅವಳ ಬೆರಳು ಸೂಜಿಯ ಮಗ್ಗುಲಲ್ಲೇ ಬಟ್ಟೆ ಸರಿಸುತ್ತ ಹೋಯಿತು. ಇದು ಭಯದ ಕೆಲಸವಲ್ಲ. ಸೂಜಿ ಓಡಿಸುವ ಕಾಲೂ ತನ್ನದೇ, ಬೆರಳೂ ತನ್ನದೇ, ಒಂದಕ್ಕೆ ಇನ್ನೊಂದರ ಸುದ್ದಿ ಗೊತ್ತು. ಅಲ್ಲಿ ಮಾತ್ರ ತಳ್ಳುವವನು ಒಬ್ಬ, ಬೆರಳಿಡುವವನು ಇನ್ನೊಬ್ಬ.

ಅವಳ ಕಾಲು ನಿಂತಿತು.

ಗಂಡ ಗೆರೆಯನ್ನು ಚೆನ್ನಾಗಿ ನೋಡುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಆದರೆ ಅವನು ಎಡಗಣ್ಣಿನಿಂದ ಗೆರೆ ನೋಡುವಾಗ ಬಲಗಣ್ಣು ಎಲ್ಲಿರುತ್ತದೆ? ಹೊರಕ್ಕೆ ಜಾರಿ ಎಲ್ಲೋ ನಿಂತಿರುತ್ತದೆ. ಗರಗಸದ ಆಚೆ ಬದಿಯಲ್ಲಿ ತನ್ನ ತಮ್ಮ ಆ ಬಲಗಣ್ಣನ್ನೇ ಕಾಯುತ್ತ ನಿಂತಿರುತ್ತಾನೆ. ಗಳಿಗೆಗೊಂದು ಸಲ ನೋಡ್ತಾರೆ. ಭಾವ ನೋಡ್ತಾನೇ ಇದ್ರು. ಕಪ್ಪಾದ ಉಗುರು. ಯಾರೂ ಅವನನ್ನು ನೋಡುತ್ತಿರಲಿಲ್ಲ! ಹೊಗೆ ಹಿಡಿದ, ಕೆಲಸ ಬಿಟ್ಟ ಒಂದು ಕಣ್ಣು ಸುಮ್ಮನೆ ಅವನ ಕಡೆಗೆ ತಿರುಗಿಕೊಂಡಿತ್ತು, ಅವನು ಅದನ್ನು ನಂಬಿ ಕೈ ಇಡುತ್ತಿದ್ದ. ಬಲಗಣ್ಣು ನಿನ್ನ ಮೇಲಿದ್ರೆ ಭಾವ ನಿನ್ನ ಮೇಲಿದಾರೆ ಎಂದು ಹೇಳಿಕೊಟ್ಟವಳು ಇಲ್ಲಿ ಕಾಲರು ಹೊಲಿಯುತ್ತ ಕೂತಿದ್ದಳು.

ಫೋನು ಮಾಡಿದಳು. ತಮ್ಮನ ಫೋನು ಮಿಲ್ಲಿನ ಗೋಡೆಯ ಮೊಳೆಗೆ ತೂಗು ಹಾಕಿದ ಅಂಗಿಯ ಜೇಬಿನಲ್ಲಿ ಬಡಿದುಕೊಳ್ಳುತ್ತಿರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಆದರೂ ಮಾಡಿದಳು. ಆಫೀಸಿಗೂ ಮಾಡಿದಳು. ಗುಮಾಸ್ತ ಎತ್ತಿ "ಏನು? ಏನು? ಜೋರಾಗಿ ಹೇಳಿ" ಎಂದು ಕೂಗಿ ಇಟ್ಟುಬಿಟ್ಟ. ಹಿಂದಿನಿಂದ ಗರಗಸದ ಅರಚಾಟ ಕೇಳಿಸಿತು. ಅವಳು ಚಪ್ಪಲಿ ಮೆಟ್ಟಿ ಓಡಿದಳು. ಅಂಗಡಿ ಸಾಲು, ಗ್ಯಾರೇಜು, ಶಾಲೆಯ ಕಾಂಪೌಂಡು. "ಏನಕ್ಕ, ಏನಾಯ್ತು?" ಎಂದು ಯಾರೋ ಕೇಳಿದರು. ಏನೂ ಆಗಿಲ್ಲ, ಇನ್ನೂ ಏನೂ ಆಗಿಲ್ಲ ಎಂದುಕೊಂಡೇ ಓಡಿದಳು. ಏದುಸಿರಿನ ನಡುವೆ ಒಂದೇ ಲೆಕ್ಕಾಚಾರ: ಒಳಗೆ ನುಗ್ಗಬಾರದು, ಕೂಗಬಾರದು, ಯಾರ ಗಮನವನ್ನೂ ಕೆಡಿಸಬಾರದು. ಗರಗಸದ ಮುಂದಿರುವವರನ್ನು ಕರೆಯುವುದು ಮಲಗಿದ ನಾಯಿಯ ಬಾಲ ತುಳಿದ ಹಾಗೆ ಎಂದು ಮಿಲ್ಲಿನ ಮಕ್ಕಳಿಗೂ ಗೊತ್ತು. ಈ ಮರ ಮುಗಿಯುವವರೆಗೆ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಕು. ಮರ ಮುಗಿದು ಗರಗಸ ಖಾಲಿ ತಿರುಗುವಾಗ ಹೋಗಿ ತಮ್ಮನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬರಬೇಕು. ಸಾಹುಕಾರರಿಗೆ ಗೊತ್ತಾಗಲಿ, ಪೊರಕೆ ಹಿಡಿಯಲಿ, ಮನೆ ಮಂದಿಯೆಲ್ಲ ಪೊರಕೆ ಹಿಡಿಯಲಿ.

ಮಿಲ್ಲಿನ ದೊಡ್ಡ ಬಾಗಿಲು ತಮ್ಮನ ಬೆನ್ನ ಹಿಂದಿತ್ತು, ಮೇಸ್ತ್ರಿ ನಿಂತ ಕಡೆಯಿಂದ ಸ್ವಲ್ಪ ಎಡಕ್ಕೆ. ಅವಳು ಬಂದು ನಿಂತಾಗ ಎಲ್ಲ ಸರಿಯಾಗಿತ್ತು. ತಮ್ಮನ ಬೆನ್ನು, ಬೆನ್ನಿನ ಮೇಲೆ ಬೆವರಿಗೆ ಅಂಟಿದ ಹೊಟ್ಟು, ಅವನ ಎರಡೂ ಕೈ ಹಲಗೆಯ ಮೇಲೆ. ಆಚೆ ಗಂಡ, ತಲೆ ತಗ್ಗಿಸಿ ಗೆರೆ ನೋಡುತ್ತ ಮರ ತಳ್ಳುತ್ತಿದ್ದ. ಕೈಗಳು ಇದ್ದವು, ಬೆರಳುಗಳು ಇದ್ದವು. ಅವಳು ಚೌಕಟ್ಟು ಹಿಡಿದುಕೊಂಡು ಉಸಿರು ಬಿಟ್ಟಳು. ಬಾಯಿ ತೆರೆಯಲಿಲ್ಲ, ಕೈ ಬೀಸಲಿಲ್ಲ. ಮಾಡಬೇಕಾದ್ದನ್ನೆಲ್ಲ ಸರಿಯಾಗೇ ಮಾಡಿದಳು.

ಅವಳ ನೆರಳೋ, ಬಾಗಿಲಿನ ಬೆಳಕಿಗೆ ಅಡ್ಡ ಬಂದ ಅವಳ ಮೈಯೋ, ಯಾವುದೋ ಒಂದು ಮೇಸ್ತ್ರಿಗೆ ಕಂಡಿತು. ಆ ಹೊತ್ತಿನಲ್ಲಿ ಹೆಂಡತಿ ಮಿಲ್ಲಿಗೆ ಬಂದವಳಲ್ಲ. ಅವನು ತಲೆಯೆತ್ತಿ ಅವಳನ್ನು ನೋಡಿದ. ಎಡಗಣ್ಣು ನೆಟ್ಟಗೆ ಬಂದು ಅವಳ ಮುಖದ ಮೇಲೆ ನಿಂತಿತು, ಏನಾಯ್ತೇ ಎಂದು ಕೇಳಿತು. ಆಶ್ಚರ್ಯದಲ್ಲಿ ಕೈಗಳಿಗೆ ನಿಲ್ಲುವುದು ಮರೆತುಹೋಗಿ, ಅವು ಇನ್ನೂ ತಳ್ಳುತ್ತಿದ್ದವು. ಎಡಗಣ್ಣು ನನ್ನ ಮೇಲಿದೆ ಎಂದು ಅಕ್ಕನಿಗೆ ಗೊತ್ತಾಯಿತು. ಹಾಗಾದರೆ ಬಲಗಣ್ಣು ಎಲ್ಲಿದೆ ಎಂದು ಹುಡುಕಿದಳು. ಅದು ತಮ್ಮನ ಮುಖದ ಮೇಲೆ ಇತ್ತು.

ತಮ್ಮನ ಭುಜ ಸಡಿಲವಾದದ್ದು ಹಿಂದಿನಿಂದ ಅವಳಿಗೆ ಕಂಡಿತು. ನಿರಾಳವಾಗಿ, ಒಂದಿಷ್ಟೂ ಅಳುಕಿಲ್ಲದೆ, ಅವನು ಸಿಬಿರು ತೆಗೆಯಲು ಬಲಗೈ ಮುಂದೆ ಮಾಡಿದ. ಆಗ ಅವಳು ಕೂಗಿದಳು. ಕೂಗಿದ್ದು ಅವಳ ಕಿವಿಗೇ ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿ ತಮ್ಮನ ಕೈಯನ್ನು ಮೊಣಕೈವರೆಗೆ ಸುತ್ತಿದ್ದರು. ಒಳಗೆ ಹೆಬ್ಬೆರಳು ಉಳಿದಿದೆ ಎಂದು ನರ್ಸಮ್ಮ ಹೇಳಿದರು, ಉಳಿದವುಗಳ ಬಗ್ಗೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೇಸ್ತ್ರಿ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಿದ್ದ, ತಲೆ ತುಂಬ ಹೊಟ್ಟು. ಅಳುತ್ತಿದ್ದ.

ಮದ್ದಿನ ಮಂಪರಿನಲ್ಲೂ ತಮ್ಮ ಅಕ್ಕನನ್ನು ಸಮಾಧಾನ ಮಾಡುತ್ತಿದ್ದ. "ಭಾವನ್ನ ಬೈಬೇಡ ಅಕ್ಕ. ಅವರದ್ದೇನೂ ತಪ್ಪಿಲ್ಲ. ನಂದೂ ತಪ್ಪಿಲ್ಲ. ನಾನೇನು ಆತುರ ಪಡ್ಲಿಲ್ಲ, ಅವರು ನೋಡೋವರೆಗೂ ಕಾದೆ. ನನ್ನ ಮುಖಾನೇ ನೋಡಿದ್ರು. ಬಲಗಣ್ಣು. ನೀನು ಹೇಳಿಕೊಟ್ಟಿದ್ಯಲ್ಲ, ಹಾಗೇ. ಆಮೇಲೇ ಕೈ ಇಟ್ಟಿದ್ದು. ಹಸಿ ಮರ ಅಲ್ವಾ, ಜಾರಿಬಿಡ್ತು."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹಸಿ ಮರದ ಮೇಲೆ ಹೊರೆ ಹೊರಿಸಿ ಮೂವರೂ ಬದುಕಬಹುದಿತ್ತು. ಎಷ್ಟು ಸಂಸಾರಗಳು ಅಂಥ ಹಸಿ ಮರದ ಆಸರೆಯಲ್ಲಿ ನಿಂತಿಲ್ಲ! ಆದರೆ ಆ ಹುಚ್ಚಪ್ಪ ಇನ್ನೂ ಆ ಕಣ್ಣನ್ನು ನಂಬಿಕೊಂಡು ಮಲಗಿದ್ದ. ಅದನ್ನು ಅವಳಿಂದ ನೋಡಲಾಗಲಿಲ್ಲ.

"ನಿನ್ನನ್ನಲ್ಲ ಕಣೋ" ಎಂದಳು. "ನಿನ್ನ ಹಿಂದೆ ಬಾಗಿಲಲ್ಲಿ ನಾನು ಬಂದು ನಿಂತಿದ್ದೆ. ಅವರು ಈಗ ಎಡಗಣ್ಣಲ್ಲಿ ನೋಡ್ತಾರೆ."

ತಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನು ತಲೆ ಹೊರಳಿಸಿ ಭಾವನ ಕಡೆ ನೋಡಿದ. ಮೇಸ್ತ್ರಿ ಮುಖ ಎತ್ತಿದ. ತಮ್ಮ ಅಭ್ಯಾಸದಂತೆ ಬಲಗಣ್ಣಿಗೆ ಹೋದ, ಅಲ್ಲಿಂದ ಎಡಗಣ್ಣಿಗೆ ಬಂದ, ಮತ್ತೆ ಬಲಕ್ಕೆ ಹೋದ. ಎರಡೂ ಒದ್ದೆಯಾಗಿದ್ದವು. ಯಾವುದು ತನ್ನ ಮೇಲಿದೆ ಎಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಅವನೇ ಕಣ್ಣು ಮುಚ್ಚಿಕೊಂಡ.

"ನೋಡ್ಬೇಡಿ ಭಾವ" ಎಂದ. "ಬಾಯಲ್ಲಿ ಹೇಳಿ. ಯಾರನ್ನ ನೋಡಿದ್ರಿ?"

"ಇವಳನ್ನ ಕಣೋ" ಎಂದ ಮೇಸ್ತ್ರಿ.